ಚೆನ್ನೆಮಣೆಯ ಕಳ್ಳರು

ನಾನು ಸೃಷ್ಟಿಸಿದ ಮೊದಲ ಕಳ್ಳನಿಗೆ ಒಂದು ಪುಟದ ಜಾತಕ ಇತ್ತು. ಅಪ್ಪ, ಅಮ್ಮ, ಮನೆಯ ಸಾಲ, ಎಡಗಾಲು ಕುಂಟಾದ ಕಾರಣ, ಎಲ್ಲ ಬರೆದಿದ್ದೆ. ಅವನ ಜೊತೆಯ ಏಳು ಮಂದಿಗೂ ಅರ್ಧರ್ಧ ಪುಟ. ಶನಿವಾರ ರಾತ್ರಿ ನೀರ್ಚಾಲಿನ ನಮ್ಮ ಮನೆ ಚಾವಡಿಯಲ್ಲಿ, ಪಾತ್ರ ವಹಿಸಿ ದಾಳ ಉರುಳಿಸಿ ಕತೆ ನಡೆಸುವ ನಮ್ಮ ಆಟ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ, ಮಾಂತ್ರಿಕನ ಪಾತ್ರ ವಹಿಸಿದ್ದ ಚಿಕ್ಕಪ್ಪನ ಮಗ ನಿದ್ದೆ ಬರಿಸುವ ‘ಸ್ಲೀಪ್’ ಮಂತ್ರ ಹಾಕಿದ. ಡಿ8 ಎಂಬ ಎಂಟು ಮುಖದ ದಾಳ ಐದು ಉರುಳಿಸಿದಾಗ ಬಿದ್ದದ್ದು 27, ಅಂದರೆ ಒಟ್ಟು ಅಷ್ಟು ಎಚ್‌ಪಿಯವರೆಗೆ (ಎಚ್‌ಪಿ ಅಂದರೆ ಜೀವಬಲದ ಅಂಕಿ) ಮಲಗಿಸಬಹುದು. ಕಳ್ಳರ ಎಚ್‌ಪಿ ತಲಾ 11. ನಾಯಕನೂ ಅವನ ಪಕ್ಕದವನೂ ಬಾಯಿ ತೆರೆಯುವ ಮೊದಲೇ ಗೊರಕೆ ಹೊಡೆದರು. ಆ ಕುಂಟುಕಾಲಿನ ಕತೆ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನಾವು ಆಡುವುದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, 2014ರ ಐದನೇ ಆವೃತ್ತಿ. ತಾಳಮದ್ದಳೆಗೆ ಭಾಗವತ ಇದ್ದ ಹಾಗೆ ಇದಕ್ಕೆ ಡಿಎಂ, ಅಂದರೆ ಆಟ ನಡೆಸುವ ಡಂಜನ್ ಮಾಸ್ಟರ್; ನಮ್ಮಲ್ಲಿ ಅದು ನಾನೇ. ವ್ಯತ್ಯಾಸ ಇಷ್ಟೇ, ಇಲ್ಲಿ ಎದುರಾಳಿಗಳ ಅರ್ಥವನ್ನೂ ಅವನೇ ಹೇಳಬೇಕು, ಅದೂ ಎಂಟೆಂಟು ಮಂದಿಯದ್ದು. ಹಾಗಾಗಿ ಚಿಲ್ಲರೆ ವೈರಿಗಳನ್ನು ಬೇಗ ಹುಟ್ಟಿಸಲು ಕಲಿಯದೆ ನಿರ್ವಾಹ ಇರಲಿಲ್ಲ.

ಮೊದಲು ಕೈಬಿಟ್ಟದ್ದು ಅಂಕಿಗಳನ್ನು. ನಿಯಮದ ಪ್ರಕಾರ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸನಿಗೆ 7 ಎಚ್‌ಪಿ, ಬ್ಯಾಂಡಿಟ್ ಎಂಬ ದರೋಡೆಕೋರನಿಗೆ 11, ಥಗ್ ಎಂಬ ದಾಂಡಿಗನಿಗೆ 32. ಆರಂಭದ ಹಂತದ ಯೋಧನ ಒಂದು ಏಟಿಗೆ ಸರಾಸರಿ ಏಳೆಂಟು ಹೋಗುತ್ತದೆ. ಅಂದರೆ ಗಾಬ್ಲಿನ್ ಒಂದೇಟಿನವ, ಬ್ಯಾಂಡಿಟ್ ಎರಡೇಟಿನವ, ಥಗ್ ಐದೇಟಿನವ. ಇಷ್ಟು ಗೊತ್ತಾದ ಮೇಲೆ ಕಾಗದದಲ್ಲಿ ಕಳೆಯುವ ಲೆಕ್ಕ ಯಾಕೆ? ಅಟ್ಟದಿಂದ ಅಜ್ಜಿಯ ಚೆನ್ನೆಮಣೆ ಇಳಿಸಿದೆ. ಹದಿನಾಲ್ಕು ಗುಳಿ, ಒಂದೊಂದು ಗುಳಿಗೆ ಒಬ್ಬೊಬ್ಬ ವೈರಿ. ಅವನು ಎಷ್ಟು ಏಟು ತಾಳುತ್ತಾನೋ ಅಷ್ಟು ಮಂಜೊಟ್ಟಿ ಕಾಯಿ. ಏಟು ತಾಗಿದರೆ ಒಂದು ಕಾಯಿ ಎತ್ತುವುದು, ಏಟಿಗೆ ಉರುಳಿಸುವ ಇಪ್ಪತ್ತು ಮುಖದ ಡಿ20 ದಾಳದಲ್ಲಿ 20 ಬಿದ್ದರೆ ಎರಡು. ಸ್ಲೀಪ್‌ನಂಥ ಎಚ್‌ಪಿ ಲೆಕ್ಕದ ಮಂತ್ರ ಬಂದರೆ ಮಾತ್ರ ಒಂದು ಕಾಯಿಗೆ 7 ಅಂತ ಹಿಡಿಯುತ್ತೇನೆ. ಹೊಡೆತ ತಪ್ಪಿಸುವ ಅಂಕೆ, ಅಂದರೆ ಎಸಿ, ಎಲ್ಲರಿಗೂ 12, ಗುರಾಣಿ ಹಿಡಿದವನಿಗೆ 14. 2008ರ ನಾಲ್ಕನೇ ಆವೃತ್ತಿಯಲ್ಲಿ ಒಂದೇ ಎಚ್‌ಪಿಯ ‘ಮಿನಿಯನ್’ಗಳಿದ್ದವು, ಒಂದೇಟಿಗೆ ಮುಗಿಯುವವು. ಅದು ನನಗೆ ತೀರಾ ಸಪ್ಪೆ. ಎರಡು ಕಾಯಿಯವನು ಒಂದು ಕಳೆದುಕೊಂಡಾಗ ಮುಖ ಹೇಗೆ ಮಾಡುತ್ತಾನೆ ಅನ್ನುವುದರಲ್ಲೇ ಆಟ ಇರುವುದು.

ತುಳುನಾಡಿನ ಮಳೆಗಾಲದ ಆಟಿ ತಿಂಗಳಲ್ಲಿ ಅಲ್ಲದೆ ಚೆನ್ನೆಮಣೆ ಮುಟ್ಟಲಿಕ್ಕಿಲ್ಲ ಅಂತ ಅಜ್ಜಿ ಗೊಣಗಿದರು. ಇದು ಚೆನ್ನೆ ಆಟ ಅಲ್ಲ ಅಜ್ಜಿ ಅಂದೆ. ‘ಮತ್ತೆ ಗುಳಿಗೆ ಕಾಯಿ ಹಾಕುವುದು ಎಂತಕ್ಕೆ?’ ಅಂದರು. ಉತ್ತರ ಇರಲಿಲ್ಲ.

ಅಂಕಿ ಮುಗಿಯಿತು, ಇನ್ನು ಮನುಷ್ಯ. ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಹಿಂಬದಿಯಲ್ಲಿ ಮೂರು ಸಾಲು ಬರೆಯುತ್ತೇನೆ: ಕೈಯಲ್ಲಿ ಏನಿದೆ, ಈಗ ಏನು ಬೇಕು, ಯಾವಾಗ ಓಡುತ್ತಾನೆ. ‘ಹರಿದ ಕೊಡೆ. ಊಟ. ನಾಯಕ ಬಿದ್ದರೆ.’ ಒಬ್ಬ ತಯಾರು. ಬೇಕಾದ್ದು ಅಂದರೆ ಸಿಂಹಾಸನವೂ ಅಲ್ಲ, ಸೇಡೂ ಅಲ್ಲ. ಹಾಗೆ ಬರೆದರೆ ಮತ್ತೆ ಜಾತಕಕ್ಕೇ ಹೋಗುತ್ತದೆ. ಕಾಲಿಗೆ ಹತ್ತಿದ ಇಂಬಳ ತೆಗೆಯಬೇಕು, ಕತ್ತಲಾಗುವ ಮೊದಲು ಹೊಳೆ ದಾಟಬೇಕು, ಅಷ್ಟು ಸಾಕು.

ಆಮೇಲೆ ಸ್ವರ. ನಾನು ಎಂಟು ಸ್ವರ ಮಾಡುವ ಕಲಾವಿದ ಅಲ್ಲ. ಆದರೆ ಕಾಸರಗೋಡಿನವನಿಗೆ ಭಾಷೆಗೆ ಬರಗಾಲವೇ? ಸಂಭಾಷಣೆ ಬದಲಿಸದೆ ಭಾಷೆ ಮಾತ್ರ ಬದಲಿಸಿದರೆ ಮನುಷ್ಯನೇ ಬದಲಾಗುತ್ತಾನೆ. ‘ಯಾರದು?’ ಅಂದವ ಬೇರೆ, ‘ಏರ್?’ ಅಂದವ ಬೇರೆ, ‘ಆರಾಡಾ?’ ಅಂದವ ಬೇರೆಯೇ. ನಾಲ್ಕೈದು ವಾರ ಇದು ಸೊಗಸಾಗಿ ನಡೆಯಿತು. ಒಂದು ರಾತ್ರಿ ಪೆರ್ಲದಿಂದ ಬರುವ ಗೆಳೆಯ ಚಹಾ ಕುಡಿಯುತ್ತಾ, ‘ಅಲ್ಲ ಮಾರಾಯ, ನಿನ್ನ ದಾಂಡಿಗರೆಲ್ಲ ಒಂದೇ ಭಾಷೆ ಮಾತಾಡುವುದು ಯಾಕೆ?’ ಅಂದ. ಕಾರ್ಡುಗಳನ್ನು ಹರಡಿ ನೋಡಿದೆ. ಹೌದು. ದಾಂಡಿಗರಿಗೆಲ್ಲ ಮಲಯಾಳ, ಬುದ್ಧಿವಂತರಿಗೆಲ್ಲ ಕನ್ನಡ ಕೊಟ್ಟಿದ್ದೆ. ಮೇಜಿನ ಆಚೆ ತುದಿಯಲ್ಲಿ ಮನೆಯಲ್ಲಿ ಮಲಯಾಳವೇ ಆಡುವ ಇಬ್ಬರು ಇಷ್ಟು ದಿನ ಏನೂ ಹೇಳದೆ ಕೂತಿದ್ದರು. ನನಗೆ ಚಹಾ ಇಳಿಯಲಿಲ್ಲ.

ಅವತ್ತಿನಿಂದ ಭಾಷೆಯನ್ನು ಡಿ6 ತೀರ್ಮಾನಿಸುತ್ತದೆ: ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ. ಕೊನೆಯ ಎರಡು ನನಗೆ ನಾಲ್ಕೇ ಮಾತು ಬರುವುದು, ಹಾಗಾಗಿ ನನ್ನ ಆಟದ ಬ್ಯಾರಿ ಮತ್ತು ಮರಾಠಿ ಕಳ್ಳರು ಬಹಳ ಮಿತಭಾಷಿಗಳು.

ಯಾವಾಗ ಓಡುತ್ತಾನೆ ಅನ್ನುವ ಮೂರನೇ ಸಾಲಿಗೆ ಹಳೆಯ ಉಪಾಯವೊಂದು ಉಂಟು. ಇದೇ ಆಟದ 1981ರ ಬೇಸಿಕ್ ಆವೃತ್ತಿಯ ‘ಮೊರೇಲ್’ ಎಂಬ ಧೈರ್ಯದ ಅಂಕೆ 2ರಿಂದ 12ರವರೆಗೆ. ಮೊದಲನೆಯವ ಸತ್ತಾಗ ಒಮ್ಮೆ, ಅರ್ಧ ಗುಂಪು ಬಿದ್ದಾಗ ಇನ್ನೊಮ್ಮೆ ಎರಡು ಡಿ6 ಉರುಳಿಸಿ, ಅಂಕೆಗಿಂತ ಹೆಚ್ಚು ಬಂದರೆ ಕಾಲಿಗೆ ಬುದ್ಧಿ. ಕಾರ್ಡಿನಲ್ಲಿ ಸ್ಪಷ್ಟವಾಗಿ ಬರೆಯದವರಿಗೆ ನಾನು 7 ಇಟ್ಟುಕೊಳ್ಳುತ್ತೇನೆ.

ಇದೆಲ್ಲ ಒಟ್ಟಾಗಿ ಕೂಡಿಬಂದದ್ದು ಸುರಂಗದಲ್ಲಿ. ನಮ್ಮಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡ ಕೊರೆದು ನೀರು ತರುವ ಸುರಂಗಗಳು ಬೇಕಾದಷ್ಟಿವೆ. ಒಬ್ಬ ಮನುಷ್ಯ ನಡೆಯುವಷ್ಟೇ ಅಗಲ. ಅದನ್ನೇ ಆಟಕ್ಕೆ ತಂದೆ. ಒಳಗೆ ಆರು ವೈರಿಗಳು, ಆದರೆ ಹೊಡೆಯಲು ಆಗುವುದು ಮುಂದಿನವನಿಗೆ ಮಾತ್ರ. ಹಿಂದಿನ ಐವರಿಗೆ ಉಳಿದ ಕೆಲಸ ಬಾಯಿಯದ್ದು. ಮುಂದಿನವ ತುಳುವಿನಲ್ಲಿ ಬೈಯುತ್ತಿದ್ದ, ಎರಡನೆಯವ ‘ಸರಿಯಾಗಿ ನಿಲ್ಲು, ನೀರು ಕಲಕುತ್ತದೆ’ ಅಂತ ಕನ್ನಡದಲ್ಲಿ ಗದರುತ್ತಿದ್ದ. ಎಲ್ಲಕ್ಕಿಂತ ಹಿಂದೆ, ಸುರಂಗದೊಳಗೂ ಕೊಡೆ ಬಿಡಿಸಿಕೊಂಡೇ ಇದ್ದವ, ಮಲಯಾಳದಲ್ಲಿ ಏನೋ ಕೂಗಿದ. ನಮ್ಮ ಗುಂಪಿನಲ್ಲಿ ಮೈಸೂರಿನಿಂದ ಬಂದ ಹುಡುಗಿಗೆ ಅರ್ಥವಾಗಲಿಲ್ಲ. ಪಕ್ಕದವ ಗಂಭೀರವಾಗಿ, ‘ನಿಮ್ಮ ಹತ್ತಿರ ಊಟ ಉಂಟಾ ಅಂತ ಕೇಳುತ್ತಾನೆ’ ಅಂದ. ನಿಜಕ್ಕೂ ಅವನು ಕೂಗಿದ್ದು ಕೊಂದುಬಿಡುತ್ತೇನೆ ಅಂತ. ಅವಳು ಚೀಲದಿಂದ ರೊಟ್ಟಿ ತೆಗೆದು ಎಸೆದಳು. ಕಾರ್ಡು ನೋಡಿದೆ: ‘ಊಟ.’ ಎತ್ತಿಕೊಂಡು ಓಡಿಹೋದ, ಬೇರೆ ದಾರಿಯೇ ಇರಲಿಲ್ಲ.

ಎರಡು ವಾರ ಬಿಟ್ಟು ಅವಳೇ ಕೇಳಿದಳು, ಆ ಕೊಡೆಯವ ಈಗ ಎಲ್ಲಿದ್ದಾನೆ ಅಂತ. ಹುಡುಕಿ ತಂದರು. ಈಗ ಅವನು ಅವರದ್ದೇ ಸಾಮಾನು ಹೊರುತ್ತಾನೆ, ಕಾಯಿ ಇನ್ನೂ ಒಂದೇ.

ಆಟಿ ಬಂತು, ಮಣೆಯನ್ನು ಅಜ್ಜಿಗೆ ಹಿಂತಿರುಗಿಸಿದೆ. ಗುಳಿಗೆ ನಾಲ್ಕರಂತೆ ತುಂಬಿಸಿ ಕೊನೆಯ ಗುಳಿಗೆ ಬಂದಾಗ ಅಜ್ಜಿ ನಿಂತರು. ‘ಐವತ್ತಾರು ಇರಬೇಕು. ಒಂದು ಕಮ್ಮಿ ಉಂಟಲ್ಲ?’

ಅದು ಕೊಡೆಯವನ ಕಾರ್ಡಿಗೆ ಅಂಟಿಕೊಂಡು ನನ್ನ ಜೇಬಿನಲ್ಲಿತ್ತು.