27 ಪಾಯಿಂಟ್, ಒಂಬತ್ತೇ ಟ್ರಿಕ್

ಬ್ರಿಜ್ ಆಟದಲ್ಲಿ ಎಲೆ ಕೈಗೆ ಬಂದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಕೂಡಿಸುವುದು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಇಡೀ ಕಟ್ಟಿನಲ್ಲಿ 40. ಜೊತೆಗಾರನದೂ ನಮ್ಮದೂ ಸೇರಿ 25-26 ಆದರೆ ಗೇಮ್ ಅನ್ನೋ ದೊಡ್ಡ ಬೋನಸ್ಸಿನ ಪಣ, 33 ಆದರೆ ಸ್ಲ್ಯಾಮ್, ಅಂದರೆ ಹದಿಮೂರರಲ್ಲಿ ಹನ್ನೆರಡು ಟ್ರಿಕ್ (ಸುತ್ತು) ಗೆಲ್ಲುವ ಪಣ. ಮಿಲ್ಟನ್ ವರ್ಕ್ ಹೆಸರಿನಲ್ಲಿ ಓಡಾಡುವ ಈ ಲೆಕ್ಕ ಎಷ್ಟು ಸಲೀಸು ಅಂದರೆ, ಅದರಾಚೆ ಯೋಚಿಸುವುದಕ್ಕೇ ಸೋಮಾರಿತನ. ಒಮ್ಮೆ ಕೂಡಿಸಿದ ಮೇಲೆ ಆ ಸಂಖ್ಯೆ ನನ್ನ ತಲೆಯಲ್ಲಿ ಕಲ್ಲಿನ ಹಾಗೆ ಕೂತುಬಿಡುತ್ತಿತ್ತು. ಎಷ್ಟು ಟ್ರಿಕ್ ಗೆಲ್ಲುತ್ತೇವೆ ಅಂತ ಸರದಿಯಲ್ಲಿ ಏರಿಸುವ ಹರಾಜಿನಲ್ಲಿ ಯಾರು ಏನು ಹೇಳಿದರೂ 12 ಅಂದರೆ 12.

ಅದು ಬಿಟ್ಟಿದ್ದು ಎರಡು ಕೈಗಳಿಂದ. ಎರಡೂ ಟೀಮ್ ಪಂದ್ಯದಲ್ಲೇ ಬಂದವು. ಅಂದರೆ ಅದೇ ಎಲೆಗಳನ್ನು ಇನ್ನೊಂದು ಟೇಬಲ್ಲಿನಲ್ಲೂ ಆಡಿದ್ದರು. ತಪ್ಪಿಸಿಕೊಳ್ಳುವುದಕ್ಕೆ ದಾರಿಯೇ ಇರಲಿಲ್ಲ.

ಮೊದಲನೆಯದು ಹೀಗಿತ್ತು. ಜೊತೆಗಾರ 15 ಪಾಯಿಂಟಿನಲ್ಲಿ ಒಂದು ನೋಟ್ರಂಪ್ (ತುರುಫಿಲ್ಲದ ಆಟ) ಹೇಳಿದರು. ನನ್ನ ಕೈಯಲ್ಲಿ ಸ್ಪೇಡ್ ರಾಣಿ-ಗುಲಾಮ-7-3, ಹಾರ್ಟ್ ರಾಜ-ರಾಣಿ-5, ಡೈಮಂಡ್ ರಾಣಿ-8-4, ಕ್ಲಬ್ ರಾಣಿ-6-2. 12 ಪಾಯಿಂಟ್. ನಾಲ್ಕು ಸ್ಪೇಡ್ ಇವೆಯಲ್ಲ ಅಂತ ಸ್ಟೇಮನ್ ಕೇಳಿದೆ, ಅಂದರೆ ನಿಮ್ಮಲ್ಲೂ ನಾಲ್ಕು ಸ್ಪೇಡೋ ಹಾರ್ಟೋ ಇದೆಯಾ ಅಂತ. ಅವರ ಬಳಿಯೂ ನಾಲ್ಕಿತ್ತು. ಖುಷಿಯಿಂದ ನಾಲ್ಕು ಸ್ಪೇಡಿಗೆ, ಅಂದರೆ ಸ್ಪೇಡ್ ತುರುಫಾಗಿ ಹತ್ತು ಟ್ರಿಕ್ಕಿಗೆ, ಹೋದೆವು. ಅವರ ಕೈ: ಸ್ಪೇಡ್ ಎಕ್ಕ-ರಾಜ-8-4, ಹಾರ್ಟ್ ಎಕ್ಕ-7-3, ಡೈಮಂಡ್ ರಾಜ-7-2, ಕ್ಲಬ್ ಗುಲಾಮ-5-3.

ಎರಡು ಕೈಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದಕ್ಕೊಂದು ಕನ್ನಡಿ. ಎಲ್ಲ ಕಡೆ ಮೂರಕ್ಕೆ ಮೂರು, ಸ್ಪೇಡಿನಲ್ಲಿ ನಾಲ್ಕಕ್ಕೆ ನಾಲ್ಕು. ತುರುಫು ಹೊಡೆದು ಒಂದು ಟ್ರಿಕ್ ಜಾಸ್ತಿ ಮಾಡಿಕೊಳ್ಳೋಣ ಅಂದರೆ ಹೊಡೆಯುವುದಕ್ಕೆ ಜಾಗವೇ ಇಲ್ಲ. ಎದುರಾಳಿ ಕ್ಲಬ್ ಇಳಿದ. ಎರಡು ಕ್ಲಬ್ ಹೋಯಿತು, ಎರಡು ಡೈಮಂಡ್ ಹೋಯಿತು. ಸ್ಪೇಡ್ ನಾಲ್ಕು, ಹಾರ್ಟ್ ಮೂರು, ಡೈಮಂಡ್ ಒಂದು, ಕ್ಲಬ್ ಒಂದು: ಒಟ್ಟು ಒಂಬತ್ತು. ಒಂದು ಕಡಿಮೆ. ಇನ್ನೊಂದು ಟೇಬಲ್ಲಿನಲ್ಲಿ ಸ್ಪೇಡ್ ಹುಡುಕುವ ಗೋಜಿಗೇ ಹೋಗದೆ ಒಂಬತ್ತು ಟ್ರಿಕ್ ಸಾಕಾಗುವ ಮೂರು ನೋಟ್ರಂಪ್ ಹೇಳಿದ್ದರು. ಅವರಿಗೂ ಬಂದಿದ್ದು ಅದೇ ಒಂಬತ್ತು ಟ್ರಿಕ್. ಅವರಿಗೆ 400, ನಮಗೆ ಮೈನಸ್ 50. ಹತ್ತು ಇಂಪ್ (ಎರಡು ಟೇಬಲ್ಲಿನ ಸ್ಕೋರಿನ ವ್ಯತ್ಯಾಸಕ್ಕೆ ಸಿಗುವ ಟೀಮ್ ಅಂಕ) ಕೈಬಿಟ್ಟಿತು.

ಎರಡನೆಯದು ಸುಮಾರು ಒಂದು ತಿಂಗಳ ನಂತರ. ಜೊತೆಗಾರ ಒಂದು ಸ್ಪೇಡ್ ಹೇಳಿದರು. ನನ್ನ ಬಳಿ ಸ್ಪೇಡ್ ರಾಜ-8-6-4-2, ಹಾರ್ಟ್ ಬರೀ 7, ಡೈಮಂಡ್ 9-8-5-3, ಕ್ಲಬ್ ಎಕ್ಕ-7-2. ಏಳು ಪಾಯಿಂಟ್. ಪುಸ್ತಕದ ಪ್ರಕಾರ 6ರಿಂದ 9 ಇದ್ದರೆ ಎರಡು ಸ್ಪೇಡ್. ಹೇಳಿದೆ. ಅವರ ಬಳಿ 13 ಪಾಯಿಂಟ್, ಪಾಸ್ ಮಾಡಿದರು. ಅವರ ಕೈಯಲ್ಲಿ ಐದು ಸ್ಪೇಡ್, ಎಕ್ಕದ ಜೊತೆ ನಾಲ್ಕು ಹಾರ್ಟ್, ಒಂದೇ ಒಂದು ಡೈಮಂಡ್, ಕ್ಲಬ್ ರಾಜ-8-3. ಮೂರು ಹಾರ್ಟ್ ನನ್ನ ಕಡೆ ತುರುಫಿಗೆ ಬಿದ್ದವು. ಕಳೆದುಕೊಂಡಿದ್ದು ಒಂದು ಡೈಮಂಡ್, ಒಂದು ಕ್ಲಬ್. 20 ಪಾಯಿಂಟಿಗೆ ಹನ್ನೊಂದು ಟ್ರಿಕ್, ಅದೂ ಎಂಟೇ ಟ್ರಿಕ್ ಕೇಳುವ ಎರಡು ಸ್ಪೇಡಿನಲ್ಲಿ.

“ಏನ್ರೀ, ಏಳು ಪಾಯಿಂಟ್ ಅಂತ ಕೂತುಬಿಟ್ರಾ?” ಅಂದರು ಜೊತೆಗಾರ. ನಾನು ಸುಮ್ನೆ ಇರಲಿಲ್ಲ. “ನೀವು 13 ಅಂತ ಪಾಸ್ ಮಾಡಿದ್ರಲ್ಲ” ಅಂದೆ. ಆ ಜಗಳದಲ್ಲಿ ಮುಂದಿನ ಎರಡು ಬೋರ್ಡೂ (ಹಂಚಿಕೆಯೂ) ಹಾಳಾದವು. ಟೇಬಲ್ಲಿನಲ್ಲಿ ಹರಾಜಿನ ಬಗ್ಗೆ ಮಾತೇ ಆಡಬಾರದು, ಎಲ್ಲ ಮುಗಿದ ಮೇಲೆ ಮಾತ್ರ ಅನ್ನೋ ನಿಯಮ ನಮ್ಮಿಬ್ಬರಲ್ಲಿ ಶುರುವಾಗಿದ್ದು ಅವತ್ತೇ. ನಮಗೆ ಅತಿ ಹೆಚ್ಚು ಇಂಪ್ ಉಳಿಸಿಕೊಟ್ಟ ಒಪ್ಪಂದ ಅದು. ಸ್ಟೇಮನ್, ಟ್ರಾನ್ಸ್‌ಫರ್ ಥರದ ಹರಾಜಿನ ಸಂಕೇತಗಳೆಲ್ಲ ಆಮೇಲೆ.

ಆಮೇಲೆ ನಾವು ಒಂದು ನೋಟ್‌ಬುಕ್ ಇಟ್ಟೆವು. ಪ್ರತಿ ಬೋರ್ಡಿಗೂ ನಮ್ಮ ಪಾಯಿಂಟ್ ಎಷ್ಟು, ತುರುಫು ಎಷ್ಟು, ಬಂದ ಟ್ರಿಕ್ ಎಷ್ಟು ಅಂತ ಬರೆಯುತ್ತಿದ್ದೆವು. ನೋಟ್ರಂಪ್ ಕೈಗಳಲ್ಲಿ ಪಾಯಿಂಟ್ ಲೆಕ್ಕ ಚೆನ್ನಾಗಿಯೇ ನಡೆಯುತ್ತಿತ್ತು. ಒಂಬತ್ತು, ಹತ್ತು ತುರುಫು ಸೇರಿದ ಕೈಗಳಲ್ಲಿ ಅದು ಎಲ್ಲೆಲ್ಲೋ ಹೋಗುತ್ತಿತ್ತು. ಅಂಥ ಕಡೆ ನಾವು ಹಿಡಿದದ್ದು ಸೋಲುವ ಟ್ರಿಕ್ಕುಗಳ ಲೆಕ್ಕ. ಒಂದೊಂದು ಸೂಟಿನಲ್ಲೂ ಮೊದಲ ಮೂರು ಎಲೆ ಮಾತ್ರ ನೋಡಬೇಕು. ಅಲ್ಲಿ ಎಕ್ಕ, ರಾಜ, ರಾಣಿ ಯಾವುದು ಇಲ್ಲವೋ ಅದು ಒಂದೊಂದು ಸೋಲು. ಎರಡೇ ಎಲೆ ಇದ್ದರೆ ಹೆಚ್ಚೆಂದರೆ ಎರಡು, ಒಂದೇ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಇಬ್ಬರ ಸೋಲನ್ನೂ ಕೂಡಿಸಿ 24ರಿಂದ ಕಳೆದರೆ ಸುಮಾರಾಗಿ ಬರುವ ಟ್ರಿಕ್ ಸಿಗುತ್ತದೆ.

ಹಳೆಯ ಎರಡು ಕೈಗಳ ಮೇಲೆ ಹಾಕಿ ನೋಡಿದೆವು. ಕನ್ನಡಿ ಕೈಯಲ್ಲಿ ನನಗೆ 7 ಸೋಲು, ಅವರಿಗೆ 8. 24ರಲ್ಲಿ 15 ಹೋದರೆ ಒಂಬತ್ತು. ಇನ್ನೊಂದರಲ್ಲಿ ನನಗೆ 8, ಅವರಿಗೆ 6. ಲೆಕ್ಕ ಹೇಳಿದ್ದು ಹತ್ತು, ಬಂದದ್ದು ಹನ್ನೊಂದು. 27 ಪಾಯಿಂಟಿನ ಕೈಗಿಂತ 20 ಪಾಯಿಂಟಿನ ಕೈ ಮೇಲು ಅಂತ ಈ ಲೆಕ್ಕ ಮೊದಲೇ ಹೇಳಿಬಿಡುತ್ತಿತ್ತು!

ಹೊಸ ಸುತ್ತಿಗೆ ಸಿಕ್ಕವನಿಗೆ ಕಂಡದ್ದೆಲ್ಲ ಮೊಳೆ ಅನ್ನೋ ಹಾಗೆ ಆಯಿತು ನನ್ನ ಕತೆ. ತುರುಫು ಇನ್ನೂ ಗೊತ್ತೇ ಆಗದ ಹೊತ್ತಿನಲ್ಲೂ ಸೋಲು ಎಣಿಸತೊಡಗಿದೆ. ಒಮ್ಮೆ ಜೊತೆಗಾರ ಒಂದು ಹಾರ್ಟ್ ಹೇಳಿದಾಗ ನನ್ನ ಬಳಿ ಹಾರ್ಟ್ ಒಂದೂ ಇರಲಿಲ್ಲ. ಸ್ಪೇಡ್ ಆರು, ಡೈಮಂಡ್ ಐದು. ಸೋಲು ಕಡಿಮೆ ಅಂತ ಏರುತ್ತಾ ಹೋದೆ. ಅವರು ಹಾರ್ಟ್, ನಾನು ಸ್ಪೇಡ್, ಮತ್ತೆ ಅವರು ಹಾರ್ಟ್. ನಾಲ್ಕನೇ ಹಂತದಲ್ಲಿ ಎದುರಾಳಿ ದಂಡ ಏರಿಸುವ ಡಬಲ್ ಎಂದಾಗ ನಾವಿಬ್ಬರೂ ಬಾವಿಯಲ್ಲಿದ್ದೆವು. ಜೊತೆಗಾರನ ಸೂಟಿನಲ್ಲಿ ನಮಗೆ ಎಲೆ ಇಲ್ಲದಿದ್ದರೆ ಅದು ಆಸ್ತಿ ಅಲ್ಲ, ಸಾಲ. ಈಗ ಹೊಂದಾಣಿಕೆ ಇಲ್ಲ ಅನ್ನಿಸಿದ ತಕ್ಷಣ ನಾನು ಪಾಸ್. ಸೋಲಿನ ಲೆಕ್ಕವನ್ನು ಎಂಟು ತುರುಫು ಸೇರಿದ್ದು ಖಾತ್ರಿಯಾದ ಮೇಲಷ್ಟೇ ತೆಗೆಯುತ್ತೇನೆ.

ಹತ್ತು ತುರುಫಿನ ಕೈಗೆ ಇನ್ನೂ ಸುಲಭದ ದಾರಿ ಇದೆ. ಫ್ರಾನ್ಸಿನ ಜಾನ್ ರೆನೆ ವೆರ್ನ್ 1969ರಲ್ಲಿ ಬರೆದ ಒಟ್ಟು ಟ್ರಿಕ್ಕುಗಳ ನಿಯಮದಿಂದ ಬಂದದ್ದು. ನಮ್ಮ ಕಡೆ ಎಷ್ಟು ತುರುಫೋ ಅಷ್ಟು ಟ್ರಿಕ್ಕಿನ ಮಟ್ಟಕ್ಕೆ ಧೈರ್ಯವಾಗಿ ಹೋಗಬಹುದು ಅನ್ನುವುದು ಅದರಿಂದ ನಾವು ಹಿಡಿದ ಅಭ್ಯಾಸ. ಐದಕ್ಕೆ ಐದು ಸೇರಿದರೆ ಹತ್ತು. ಆ ಏಳು ಪಾಯಿಂಟಿನ ಕೈಯಲ್ಲಿ ನಾನು ನೇರವಾಗಿ ನಾಲ್ಕು ಸ್ಪೇಡ್ ಹೇಳಬೇಕಿತ್ತು. ಈಗ ನಮ್ಮಲ್ಲಿ ಹಾಗೆ ನೆಗೆದರೆ “ತುರುಫು ಐದಿದೆ, ಪಾಯಿಂಟ್ ಕಡಿಮೆ” ಅಂತಲೇ ಅರ್ಥ.

ನನಗೆ ಅತಿ ತಡವಾಗಿ ಬುದ್ಧಿ ಬಂದದ್ದು ಪಾಯಿಂಟ್ ಎಲ್ಲಿ ಕೂತಿದೆ ಅನ್ನೋ ವಿಷಯದಲ್ಲಿ. ಇದಕ್ಕೆ ನಾವಿಬ್ಬರೇ ಕೂತು ಎಲೆ ಹಂಚಿಕೊಂಡು ಬರೀ ಹರಾಜು ಅಭ್ಯಾಸ ಮಾಡಿದೆವು. ಆಟ ಇಲ್ಲ. ಒಂದು ಸಲ ಅವರ ಕೈಯನ್ನು ಹಾಗೇ ಇಟ್ಟು ನನ್ನ ಕೈ ಮಾತ್ರ ಬದಲಿಸಿದೆವು. ಅವರದು ಸ್ಪೇಡ್ ರಾಣಿ-ಗುಲಾಮ-7-3, ಹಾರ್ಟ್ ಎಕ್ಕ-ರಾಣಿ-8-5, ಡೈಮಂಡ್ ಬರೀ 2, ಕ್ಲಬ್ ಎಕ್ಕ-8-6-5. ನಾನು ಒಂದು ಸ್ಪೇಡ್, ಅವರು ನಾಲ್ಕು ಡೈಮಂಡ್. ಅದು ಸ್ಪ್ಲಿಂಟರ್: ಸ್ಪೇಡ್ ಚೆನ್ನಾಗಿ ಇದೆ, ಡೈಮಂಡ್ ಒಂದೇ ಅಥವಾ ಇಲ್ಲವೇ ಇಲ್ಲ ಅಂತ.

ನನ್ನದು ಸ್ಪೇಡ್ ಎಕ್ಕ-ರಾಜ-8-5-4, ಹಾರ್ಟ್ ರಾಜ-6, ಡೈಮಂಡ್ ರಾಜ-ರಾಣಿ-3, ಕ್ಲಬ್ 9-7-4 ಆಗಿದ್ದರೆ ಡೈಮಂಡಿನ ಐದು ಪಾಯಿಂಟಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಡೈಮಂಡ್ ಎಕ್ಕ ಹೋಗುತ್ತದೆ, ಕ್ಲಬ್ಬಿನಲ್ಲಿ ಒಂದು ಹೋಗುತ್ತದೆ. ಹನ್ನೊಂದು. ನಾಲ್ಕು ಸ್ಪೇಡಿನಲ್ಲಿ ನಿಲ್ಲಬೇಕು. ಅದೇ ರಾಜ-ರಾಣಿಯನ್ನು ಕ್ಲಬ್ಬಿಗೆ ಸರಿಸಿ, 9-7-4 ಅನ್ನು ಡೈಮಂಡಿಗೆ ಹಾಕಿ. ಈಗ ಕ್ಲಬ್ಬಿನಲ್ಲಿ ಮೂರು ಟ್ರಿಕ್, ಹಾರ್ಟಿನಲ್ಲಿ ಮೂರು, ಡೈಮಂಡ್ ಒಂದು ಮಾತ್ರ ಹೋಗುತ್ತದೆ. ಹನ್ನೆರಡು, ಚಿಕ್ಕ ಸ್ಲ್ಯಾಮ್. ಎರಡು ಸಲವೂ ನನ್ನದು 15, ಅವರದು 13. ಕೂಡಿಸಿ 28. ಬದಲಾದದ್ದು ಒಂದು ರಾಜ, ಒಂದು ರಾಣಿ ಕೂತ ಜಾಗ, ಅಷ್ಟೇ.

ಆಮೇಲೆ ಜೊತೆಗಾರನ ಪ್ರತಿ ಮಾತಿಗೂ ನನ್ನ ಕೈಯನ್ನು ಮತ್ತೆ ಎಣಿಸುವ ಚಟ ಹತ್ತಿತು. ಅವರು ಹೇಳಿದ ಸೂಟಿನಲ್ಲಿ ನನ್ನ ರಾಣಿ, ಗುಲಾಮ ಬೆಲೆ ಏರುತ್ತವೆ. ಬಲಗಡೆಯವನು ಹೇಳಿದ ಸೂಟಿನಲ್ಲಿ ನನ್ನ ರಾಜ ಇದ್ದರೆ ಒಳ್ಳೆಯದು, ಎಡಗಡೆಯವನು ಹೇಳಿದರೆ ಅದು ಅರ್ಧ ಸತ್ತ ಹಾಗೆ. ಎಕ್ಕಕ್ಕೆ 4 ಕಡಿಮೆ, ಗುಲಾಮನಿಗೆ 1 ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ. 10, 9ಕ್ಕೆ ಲೆಕ್ಕದಲ್ಲಿ ಬೆಲೆಯೇ ಇಲ್ಲ. ಆದರೆ ಎಕ್ಕ-ಗುಲಾಮ-10ರ ಎದುರು ಮೂರು ಚಿಕ್ಕ ಎಲೆ ಇದ್ದು ಎರಡು ಸಲ ಫಿನೆಸ್ ಮಾಡಿದರೆ (ಎದುರಾಳಿಯ ದೊಡ್ಡ ಎಲೆ ಅನುಕೂಲದ ಕಡೆ ಇದೆ ಅಂತ ನಂಬಿ ಚಿಕ್ಕದರಲ್ಲೇ ಗೆಲ್ಲಲು ನೋಡಿದರೆ) ಎರಡು ಟ್ರಿಕ್ ಬರುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಮೂರು. ಆ 10 ಬದಲು 3 ಇದ್ದರೆ ಆ ಮಾತೇ ಬೇರೆ.

ಇಷ್ಟೆಲ್ಲ ಆದ ಮೇಲೂ ಗೇಮಿಗೆ ಹೋಗಬೇಕೋ ಬೇಡವೋ ಅನ್ನೋ ಗಡಿಯ ಕೈಗಳು ಬರುತ್ತವೆ. ಅಲ್ಲಿ ಸ್ಕೋರೇ ದಾರಿ ತೋರಿಸುತ್ತದೆ. ಟೀಮ್ ಆಟದಲ್ಲಿ ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಬೋರ್ಡು) ಇರುವಾಗ ನಾಲ್ಕು ಸ್ಪೇಡ್ ಮಾಡಿದರೆ 620, ಕೆಳಗೆ ನಿಂತವರಿಗೆ 170. ಹತ್ತು ಇಂಪ್ ಲಾಭ. ಒಂದು ಕಡಿಮೆಯಾದರೆ ನಮಗೆ ಮೈನಸ್ 100, ಅವರಿಗೆ 140. ಆರು ಇಂಪ್ ನಷ್ಟ. ಹದಿನಾರರಲ್ಲಿ ಆರು ಸಲ ಗೆದ್ದರೂ ಸರಿಹೋಯಿತು. ವಲ್ನರಬಲ್ ಅಲ್ಲದಿದ್ದರೆ ಲಾಭ ಆರು, ನಷ್ಟ ಐದು, ಅಲ್ಲಿ ಸ್ವಲ್ಪ ಬಿಗಿ.

ಹೋದ ಪಂದ್ಯದಲ್ಲಿ ಅಂಥದ್ದೇ ಒಂದು ಕೈ. ವಲ್ನರಬಲ್. ಇಬ್ಬರದೂ ಸೇರಿ 23 ಪಾಯಿಂಟ್, ಒಂಬತ್ತು ತುರುಫು. ಜೊತೆಗಾರ ಮೂರು ಸ್ಪೇಡಿಗೆ ಏರಿಸಿದರು. ನಾನು ಮತ್ತೆ ಎಣಿಸಿ ನಾಲ್ಕು ಅಂದೆ. ಎಲ್ಲ ಒಂದು ಫಿನೆಸ್ ಮೇಲೆ ನಿಂತಿತ್ತು. ರಾಜ ತಪ್ಪು ಕಡೆ ಇತ್ತು. ಒಂದು ಕಡಿಮೆ. ಇನ್ನೊಂದು ಟೇಬಲ್ಲಿನವರು ಮೂರರಲ್ಲಿ ನಿಂತು 140 ತೆಗೆದುಕೊಂಡರು. ಮನೆಗೆ ಹೊರಡುವ ಮುಂಚೆ ನೋಟ್‌ಬುಕ್ ತೆರೆದೆವು. ಆ ಬೋರ್ಡಿನ ಮುಂದೆ ಜೊತೆಗಾರ ಮೈನಸ್ ಆರು ಅಂತ ಬರೆದರು. ಪಕ್ಕದಲ್ಲಿ “ಹರಾಜು ಸರಿ” ಅಂತ ಸೇರಿಸಿ ಪುಟ ತಿರುವಿದರು.