ಇಚ್ಚನ ಅಂಗಡಿಯ ಪ್ಲೇಟುಗಳಿಗೆ ಮತ್ತೆ ದನಿ ಬರಿಸಿದ್ದು: ನನ್ನ ಅನುಭವ

ಬೂಷ್ಟು ಹಿಡಿದ ಎಲ್‌ಪಿಯನ್ನು (ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಹಾಡಿನ ಪ್ಲೇಟು) ಫೆವಿಕಾಲ್ ಗೋಂದು ಬಳಿದು ಉಳಿಸಬಹುದು. ಕಾಸರಗೋಡಿನ ತೇವದ ಹವೆಯಲ್ಲೂ ಆಗುತ್ತದೆ. ಆಗುವುದಿಲ್ಲ ಎಂದವರು ತುಂಬ ಜನ. ಬೆಂಗಳೂರಿನ ಸಂಗ್ರಾಹಕ ಗೆಳೆಯರು ಹೇಳಿದರು, ನನ್ನ ಅಣ್ಣ ಹೇಳಿದ, ಇಚ್ಚ ಕೂಡ ಹೇಳಿದರು. ಈಗ ಮುನ್ನೂರರ ಹತ್ತಿರ ಪ್ಲೇಟುಗಳು ನಮ್ಮ ಮನೆಯಲ್ಲಿ ಚೆನ್ನಾಗಿ ಹಾಡುತ್ತಿವೆ. ಹಾಗಾಗಿ ಬರೆಯುತ್ತಿದ್ದೇನೆ. ಪ್ಲೇಟು ತೊಳೆದು, ಸೂಜಿ ಬದಲಿಸಿ ಗೊತ್ತಿರುವವರಿಗೆ ಇದು. ಮೂಲಪಾಠ ಇಲ್ಲಿಲ್ಲ.

ಮೊದಲು ಇಚ್ಚನ ವಿಷಯ. ಹಳೆ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ, ಹಂಚಿನ ಮಾಡಿನ ಕಟ್ಟಡದ ಮಾಳಿಗೆಯಲ್ಲಿ ಅವರ ಸೆಕೆಂಡ್ ಹ್ಯಾಂಡ್ ರೆಕಾರ್ಡ್ ಅಂಗಡಿ ಇತ್ತು. ಬೋರ್ಡು ಇರಲಿಲ್ಲ. ಮರದ ಏಣಿಮೆಟ್ಟಿಲು ಹತ್ತುವಾಗಲೇ ಹಾಡು ಕೇಳುತ್ತಿತ್ತು. ನಾನು ಬದಿಯಡ್ಕದ ಕಡೆಯಿಂದ ಕಾಲೇಜಿಗೆ ಬರುತ್ತಿದ್ದ ಕಾಲ, 80ರ ದಶಕದ ಕೊನೆ. ಊರಿಗೆ ಊರೇ ಆಗ ಕ್ಯಾಸೆಟ್ಟಿನ ಹಿಂದೆ ಹೋಗಿತ್ತು. ಗಲ್ಫಿನಿಂದ ಬಂದವರು ಟೂ ಇನ್ ವನ್ ತರುತ್ತಿದ್ದರು, ಮನೆಯ ರೆಕಾರ್ಡ್ ಪ್ಲೇಯರು ಅಟ್ಟ ಸೇರುತ್ತಿತ್ತು. ಅಟ್ಟ ಸೇರುವ ಮೊದಲೇ ಇಚ್ಚ ಆ ಮನೆಗೆ ಮುಟ್ಟುತ್ತಿದ್ದರು.

ಮಾಲು ಮೂರು ಕಡೆಯಿಂದ ಬರುತ್ತಿತ್ತು. ಮನೆಗಳಿಂದ, ಟಾಕೀಸುಗಳಿಂದ, ಮೈಕ್ ಸೆಟ್ಟಿನವರಿಂದ. ಪ್ರತಿ ಪ್ಲೇಟಿನ ಒಳಕವರಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಅಂಕಿ, ಒಂದು ಅಕ್ಷರ ಬರೆಯುತ್ತಿದ್ದರು. ಅವರು ಕಲಿತದ್ದು ಕನ್ನಡ ಶಾಲೆಯಲ್ಲಿ, ಅಕ್ಷರ ದುಂಡಗೆ ಇತ್ತು. ಅಂಕಿ ಬೆಲೆ. ಅಕ್ಷರ ಮ ಆದರೆ ಮನೆಯದ್ದು, ಟ ಆದರೆ ಟಾಕೀಸಿನದ್ದು, ಸ ಆದರೆ ಸೆಟ್ಟಿನದ್ದು. ಇದನ್ನು ಎಲ್ಲರಿಗೂ ಹೇಳುತ್ತಿರಲಿಲ್ಲ. ನನಗೆ ಹೇಳಲು ಎರಡು ವರ್ಷ ಹಿಡಿಯಿತು.

ಅವರು ಪ್ಲೇಟು ಪರೀಕ್ಷೆ ಮಾಡುವುದನ್ನು ನೋಡಲೆಂದೇ ನಾನು ಹೋಗಿ ಕೂರುತ್ತಿದ್ದೆ. ಎಲ್‌ಪಿಯಾದರೆ ಅಂಚನ್ನು ಎರಡು ಅಂಗೈಗಳ ನಡುವೆ ಹಿಡಿದು ಬಾಗಿಲ ಬೆಳಕಿಗೆ ಓರೆ ಮಾಡುವುದು, ಒಂದು ಸುತ್ತು ನಿಧಾನಕ್ಕೆ ತಿರುಗಿಸುವುದು. ಗೀರು ನೋಡುವುದಲ್ಲ, ಹೊಳಪು ನೋಡುವುದು. ಗೆರೆಗಳ ಮೇಲೆ ಬೂದಿ ಬಣ್ಣ ಕಂಡರೆ ಸೂಜಿ ಅದನ್ನು ಆಗಲೇ ಉತ್ತು ಮುಗಿಸಿದೆ ಎಂದು ಲೆಕ್ಕ. 78 (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಕಾಲದ ಪ್ಲೇಟು) ಆದರೆ ನಡುವಿನ ತೂತಿಗೆ ಪೆನ್ಸಿಲು ತೂರಿಸಿ ಎತ್ತಿ, ಬೆರಳ ಗೆಣ್ಣಿನಿಂದ ಅಂಚಿಗೆ ಮೆಲ್ಲ ತಟ್ಟುತ್ತಿದ್ದರು. ಠಣ್ ಎಂದರೆ ಗಟ್ಟಿ. ಟಪ್ ಎಂದರೆ ಎಲ್ಲೋ ಕೂದಲೆಳೆಯ ಬಿರುಕು ಉಂಟು. ಕಣ್ಣಿಗೆ ಕಾಣದ ಬಿರುಕನ್ನು ಕಿವಿಯಿಂದ ಹಿಡಿಯುವುದನ್ನು ನಾನು ಕಲಿತದ್ದು ಅಲ್ಲಿ. ಇವತ್ತಿಗೂ ನಾನು 78 ಕೊಳ್ಳುವುದು ಹೀಗೆಯೇ. ಮೋಸ ಹೋದದ್ದಿಲ್ಲ.

ನುಡಿಸಿ ತೋರಿಸದೆ ಅವರು ಒಂದು ಪ್ಲೇಟನ್ನೂ ಮಾರಿದವರಲ್ಲ. ಎರಡೂ ಬದಿ ಪೂರ್ತಿ ಕೇಳಿಸುತ್ತಿದ್ದರು. ಗಿರಾಕಿಗೆ ಬಸ್ಸು ತಪ್ಪಿದರೂ ಸರಿ. ಯೇಸುದಾಸ್, ಪಿ.ಬಿ. ಶ್ರೀನಿವಾಸ್, ಮಾಪಿಳ್ಳೆ ಪಾಟ್ಟು, ಚೆಂಬೈ, ಪಿ. ಕಾಳಿಂಗರಾಯರು, ಎಲ್ಲ ಒಂದೇ ರಾಶಿಯಲ್ಲಿ. ಭಾಷೆ ನೋಡಿ ವಿಂಗಡಿಸುತ್ತಿರಲಿಲ್ಲ, ಗಾತ್ರ ನೋಡಿ ಮಾತ್ರ. ಕಾಳಿಂಗರಾಯರ 78 ಯಾವುದಾದರೂ ಬಂದರೆ ನನಗೆಂದು ಮೇಜಿನ ಅಡಿಗೆ ಸರಿಸಿಡುತ್ತಿದ್ದರು. "ಭಟ್ರೇ, ದುಡ್ಡು ಆಮೇಲೆ ಕೊಡಿ, ಮೊದಲು ಕೇಳಿ" ಎನ್ನುತ್ತಿದ್ದರು. ಆ ಮಾತನ್ನು ನಾನು ಮರೆಯುವುದಿಲ್ಲ. ಕೈಯಲ್ಲಿ ಬಸ್ಸಿನ ದುಡ್ಡು ಮಾತ್ರ ಇದ್ದ ಹುಡುಗನಿಗೆ ಹಾಗೆ ಹೇಳಿದವರು ಅವರೊಬ್ಬರೇ.

ಆಮೇಲೆ ಕಟ್ಟಡ ಕೆಡವಿದರು. ಮಾಲೆಲ್ಲ ಅವರ ಮನೆಯ ಮಾಳಿಗೆ ಸೇರಿತು. ಮೇಲೆ ಟಾರ್ಪಾಲು. ಎಷ್ಟೋ ಮಳೆಗಾಲ ಹಾಗೇ ಕಳೆಯಿತು. ಕೊನೆಗೆ ಮನೆ ರಿಪೇರಿ ಎಂದಾಗ ಅವರ ಮಗ ನನಗೆ ಫೋನು ಮಾಡಿದರು. ಹೋಗಿ ನೋಡಿದರೆ ಕವರುಗಳು ಒಂದಕ್ಕೊಂದು ಅಂಟಿವೆ, ಪ್ಲೇಟುಗಳ ಮೇಲೆ ಬಿಳಿ ಜೇಡರ ಬಲೆಯಂಥ ಬೂಷ್ಟು. ಸುಮಾರು ಆರುನೂರು ಪ್ಲೇಟು. ಇಚ್ಚ ಕುರ್ಚಿಯಲ್ಲಿ ಕೂತಲ್ಲಿಂದಲೇ ಹೇಳಿದರು, "ಬೂಷ್ಟು ಒಮ್ಮೆ ಒಳಗೆ ಇಳಿದರೆ ಹೋಗ್ಲಿಕ್ಕಿಲ್ಲ ಭಟ್ರೇ. ಸುಮ್ನೆ ಹೊರೆ ಯಾಕೆ?" ನಾನು ಹನ್ನೆರಡು ಸಾವಿರ ಕೊಟ್ಟು ಪಿಕಪ್ಪಿನಲ್ಲಿ ಹೇರಿಸಿದೆ. ಅಣ್ಣ ಒಂದು ವಾರ ಮಾತಾಡಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಪಾತ್ರೆ ತೊಳೆಯುವ ಸೋಪಿನ ನೀರು, ಮೆತ್ತಗಿನ ಬ್ರಷ್ಷು. ಕಣ್ಣಿಗೆ ಪ್ಲೇಟು ಹೊಸದಾಗಿ ಕಾಣುತ್ತದೆ. ಎರಡು ಸಲ ನುಡಿಸಿದರೆ ಚಟಪಟ ವಾಪಸು. ಕೊಳೆ ಇರುವುದು ಗೆರೆಯ ತಳದಲ್ಲಿ, ಅಲ್ಲಿಗೆ ಬ್ರಷ್ಷಿನ ಕೂದಲು ಇಳಿಯುವುದಿಲ್ಲ. ಮತ್ತೆ ಬಾವಿ ನೀರು ಒಣಗಿದರೆ ಅದರದ್ದೇ ಕಲೆ ಬೇರೆ. ಈಗ ನಾನು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಮುಟ್ಟಿಸುವುದಿಲ್ಲ. ಐದು ಲೀಟರಿನ ಕ್ಯಾನಿಗೆ ನೂರು ನೂರಿಪ್ಪತ್ತು ರೂಪಾಯಿ.

ಸ್ಪಿರಿಟ್ಟು ಎಲ್‌ಪಿಗೆ ಪರವಾಗಿಲ್ಲ, ಬೂಷ್ಟು ಸಾಯುತ್ತದೆ. ಆದರೆ ಸತ್ತದ್ದು ಅಲ್ಲೇ ಗೆರೆಯೊಳಗೆ ಉಳಿಯುತ್ತದೆ. 78ಕ್ಕಂತೂ ಸ್ಪಿರಿಟ್ಟು ಮುಟ್ಟಿಸಲೇಬಾರದು. ಅದು ಅರಗಿನ ಪ್ಲೇಟು. ಬಡಗಿಗಳು ಪಾಲಿಷಿಗೆಂದು ಸ್ಪಿರಿಟ್ಟಿನಲ್ಲಿ ಕರಗಿಸುವುದು ಅದೇ ಅರಗನ್ನು. ಗೊತ್ತಿಲ್ಲದವರು ಒರೆಸುತ್ತಾರೆ, ಬಟ್ಟೆ ಕಪ್ಪಾಗುತ್ತದೆ, ಕೊಳೆ ಬಂತೆಂದು ಖುಷಿಪಡುತ್ತಾರೆ. ಬಂದದ್ದು ಹಾಡು.

ಗೋಂದಿನ ವಿಧಾನ ಹೊಸದಲ್ಲ. ಬಿಳಿ ಗೋಂದು ಬಳಿದು, ಒಣಗಿಸಿ, ಸಿಪ್ಪೆ ಎಬ್ಬಿಸುವುದು. ವಿನೈಲಿಗೆ ಆ ಗೋಂದು ಕಚ್ಚಿಕೊಳ್ಳುವುದಿಲ್ಲ, ಕೊಳೆಗೆ ಕಚ್ಚಿಕೊಳ್ಳುತ್ತದೆ. ಇಷ್ಟು ನಿಮಗೂ ಗೊತ್ತು. ಬೆಂಗಳೂರಿನ ಗೆಳೆಯರ ತಕರಾರು ಏನೆಂದರೆ, ಕರಾವಳಿಯಲ್ಲಿ ಅದು ಒಣಗುವುದಿಲ್ಲ, ಅರ್ಧ ಒಣಗಿ ಗೆರೆಯಲ್ಲಿ ಕೂತರೆ ಪ್ಲೇಟೇ ಹೋಯಿತು ಎಂದು. ಜಡಿಮಳೆಯ ಆಟಿ ತಿಂಗಳಲ್ಲಿ ಬಳಿದಾಗ ಅವರು ಹೇಳಿದಂತೆಯೇ ಆಯಿತು. ಮೂರನೆಯ ದಿನಕ್ಕೂ ಬೆಳ್ಳಗೆ, ಹಸಿಹಸಿ. ಎಬ್ಬಿಸಿದರೆ ಚೂರುಚೂರು. ಬೆಲೆ ಕಮ್ಮಿಯೆಂದು ತಂದ ಬೇರೊಂದು ಗೋಂದು ಒಣಗಿತು, ಆದರೆ ಗರಿಗರಿಯಾಗಿ ಒಡೆಯಿತು. ಆ ಡಬ್ಬಿ ದಂಡ.

ಆಗ ತಲೆಗೆ ಹೋದದ್ದು ಅಡಿಕೆ ಒಣಗಿಸುವ ಸೋಲಾರ್ ಗೂಡು. ಪ್ಲಾಸ್ಟಿಕ್ ಮಾಡಿನದ್ದು, ನಮ್ಮಲ್ಲಿ ಎಲ್ಲರ ಅಂಗಳದಲ್ಲೂ ಉಂಟಲ್ವಾ? ಹಳೆಯ, ಬೇಡದ ಒಂದು ಎಲ್‌ಪಿಯನ್ನು ಅದರೊಳಗೆ ಇಟ್ಟೆ. ಗೋಂದು ಒಣಗಿತು. ಪ್ಲೇಟು ಹಪ್ಪಳದ ಹಾಗೆ ಸುರುಟಿತು. ಒಳಗೆ ಶಾಖ 55 ಡಿಗ್ರಿ ದಾಟಿತ್ತು. ಆದರೆ ಪ್ರಯೋಗ ಉಪಯೋಗಕ್ಕೆ ಬಂತು. ಬೇಕಾದದ್ದು ಬಿಸಿ ಅಲ್ಲ, ಒಣ ಗಾಳಿ ಎಂದು ಅಲ್ಲಿ ಖಚಿತವಾಯಿತು. ಸುರುಟಿದ ಪ್ಲೇಟನ್ನು ಎರಡು ದಪ್ಪ ಗಾಜಿನ ನಡುವೆ ಇಟ್ಟು, ಮೇಲೆ ಕಡಪ ಕಲ್ಲು ಹೇರಿ, ಎಪ್ರಿಲ್ ಬಿಸಿಲಿಗೆ ಇಟ್ಟರೆ ಸುಮಾರಾಗಿ ನೇರವಾಗುತ್ತದೆ. ಬಿಸಿಲು ಹೋದ ಮೇಲೆ ಪೂರ್ತಿ ತಣಿಯುವ ತನಕ ಗಾಜು ತೆಗೆಯಬಾರದು. ಅದು ಬೇರೆ ಕತೆ.

ಕೊನೆಗೆ ಕೆಲಸಕ್ಕೆ ಬಂದದ್ದು ಅಜ್ಜನ ಕಾಲದ ಮರದ ಕಪಾಟು. ತಳದಲ್ಲಿ 40 ವ್ಯಾಟಿನ ಎರಡು ಬಲ್ಬು, ಮೇಲ್ಗಡೆ ಹಳೆ ಕಂಪ್ಯೂಟರಿನಿಂದ ತೆಗೆದ ಒಂದು ಫ್ಯಾನು, ಹಿಂಬದಿಗೆ ಒಂದೆರಡು ತೂತು. ಒಳಗೆ ಒಂದು ಥರ್ಮಾಮೀಟರ್ ತೂಗುಹಾಕಿದ್ದೇನೆ. 40 ಡಿಗ್ರಿ ದಾಟಿದರೆ ಒಂದು ಬಲ್ಬು ಆರಿಸುತ್ತೇನೆ. ಒಟ್ಟು ಖರ್ಚು ಎಂಟುನೂರರ ಒಳಗೆ. ಮಳೆಗಾಲದಲ್ಲೂ ರಾತ್ರಿ ಇಟ್ಟದ್ದು ಮರುದಿನ ಸಂಜೆಗೆ ರೆಡಿ. ಡಿಸೆಂಬರಿನಿಂದ ಮಾರ್ಚ್ ತನಕ ಕಪಾಟೇ ಬೇಡ, ಫ್ಯಾನಿನ ಅಡಿಯಲ್ಲಿ ಸಾಕು.

ಬಳಿಯುವುದು ದಪ್ಪಗೆ. ಇದರಲ್ಲಿ ಜಿಪುಣತನ ಮಾಡಿದರೆ ಸಿಪ್ಪೆ ಹರಿಯುತ್ತದೆ. ಒಂದು ಬದಿಗೆ 60-70 ಗ್ರಾಂ ಹೋಗುತ್ತದೆ. ಪ್ಲೇಟು ತಿರುಗುತ್ತಿರಬೇಕು, ಕೈ ನಿಂತಲ್ಲೇ ಇರಬೇಕು. ಲೇಬಲ್ಲಿಗೆ ಒಂದು ಹನಿಯೂ ತಾಗಬಾರದು. ಹೊರ ಅಂಚಿನಲ್ಲಿ ಹತ್ತಿಬಟ್ಟೆಯ ಸಣ್ಣ ಪಟ್ಟಿಯೊಂದನ್ನು ಹಸಿ ಗೋಂದಿಗೆ ಅದ್ದಿ ಬಾಲ ಬಿಡಿ, ಎಬ್ಬಿಸಲು ಹಿಡಿ ಅದೇ. ಬಿಳಿ ಹೋಗಿ ಪೂರ್ತಿ ಪಾರದರ್ಶಕ ಆಗುವ ತನಕ ಕೈ ಹಾಕಬೇಡಿ. ಒಂದು ಕಡೆ ಸಾಸಿವೆಯಷ್ಟು ಬಿಳಿ ಇದ್ದರೂ ಬೇಡ. ಚೂರು ಉಳಿದರೆ ಕೆರೆಯಬೇಡಿ, ಅದರ ಮೇಲೆ ಮತ್ತೆ ಬಳಿದರೆ ಹೊಸತು ಹಳೆಯದನ್ನು ಎತ್ತಿಕೊಂಡು ಬರುತ್ತದೆ.

ಇನ್ನೊಂದು ಲಾಭ ನಮ್ಮ ಊರಿನದ್ದೇ. ಒಣಗಿಸಲು ಒಣ ಗಾಳಿ ಬೇಕು, ಆದರೆ ಸಿಪ್ಪೆ ಎಬ್ಬಿಸಲು ತೇವದ ಹವೆ ಒಳ್ಳೆಯದು. ಒಣ ಹವೆಯಲ್ಲಿ ಎಬ್ಬಿಸಿದರೆ ಸ್ಟ್ಯಾಟಿಕ್ (ಸ್ಥಿರ ವಿದ್ಯುತ್ತು) ಹುಟ್ಟಿ ಕೋಣೆಯ ಧೂಳೆಲ್ಲ ಪ್ಲೇಟಿಗೆ ಬಂದು ಕೂರುತ್ತದೆ. ನಾನು ಬೆಳಿಗ್ಗೆ ಇಬ್ಬನಿ ಇರುವಾಗಲೇ, ಜಗಲಿಯಲ್ಲಿ ಎಬ್ಬಿಸುತ್ತೇನೆ. ಎಬ್ಬಿಸಿದ ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿ. ಪ್ಲೇಟಿನ ಪ್ರತಿ ಗೆರೆ ಅದರ ಮೇಲೆ ಅಚ್ಚು ಬಿದ್ದಿರುತ್ತದೆ, ಗೆರೆಗೆರೆಯ ನಡುವೆ ಕಂದು ಚುಕ್ಕೆಗಳು. ಅದೇ ಬೂಷ್ಟು. ಹಾಡಿನ ನಡುವೆ ಎಲ್ಲಿ ಚಟ್ ಎನ್ನುತ್ತಿತ್ತೋ ಅದೇ ಜಾಗದಲ್ಲಿ.

ಸಿಪ್ಪೆ ಸಲೀಸಾಗಿ ಬರಲಿ ಎಂದು ಗೋಂದಿಗೆ ನಾನು ಇನ್ನೊಂದು ವಸ್ತು ಚೂರೇ ಸೇರಿಸುತ್ತೇನೆ. ಅಡುಗೆಮನೆಯದ್ದಲ್ಲ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಅದಿಲ್ಲದೆಯೂ ಮೇಲಿನದ್ದಷ್ಟರಲ್ಲಿ ಕೆಲಸ ಆಗುತ್ತದೆ.

ಆರುನೂರರಲ್ಲಿ ವಿನೈಲು ನಾನೂರರ ಹತ್ತಿರ, ಉಳಿದದ್ದು 78. ವಿನೈಲಿನಲ್ಲಿ ಮುಕ್ಕಾಲು ಭಾಗ ಉಳಿಯಿತು. ಬೂಷ್ಟು ಬದುಕುವುದು ಕವರಿನ ಕಾಗದದ ಮೇಲೆ, ಬೆರಳಿನ ಜಿಡ್ಡಿನ ಮೇಲೆ. ವಿನೈಲನ್ನು ಅದು ತಿನ್ನುವುದು ಅಷ್ಟರಲ್ಲೇ ಇದೆ, ಇಚ್ಚ ಹೆದರಿದಷ್ಟು ಒಳಗೆ ಇಳಿದಿರಲಿಲ್ಲ. ಉಳಿಯದವು ಹೆಚ್ಚಿನವೂ ಅವರ ಸ ಅಕ್ಷರದವು. ಮದುವೆಮನೆ, ಜಾತ್ರೆಯಲ್ಲಿ ಭಾರದ ಸೂಜಿ ಇಟ್ಟು ಹಗಲೂ ರಾತ್ರಿ ನುಡಿಸಿದ ಪ್ಲೇಟು. ಕೊಳೆ ತೆಗೆಯಬಹುದು, ಸವೆದದ್ದನ್ನು ಬೆಳೆಸಲು ಆಗುವುದಿಲ್ಲ. ಈಗ ನಾನು ಅಕ್ಷರ ನೋಡಿಯೇ ಗೋಂದಿನ ಡಬ್ಬಿ ತೆರೆಯುವುದು. ಮೂವತ್ತು ವರ್ಷ ಹಿಂದೆ ಅವರು ಬರೆದಿಟ್ಟ ಪೆನ್ಸಿಲ್ ಗುರುತು ನನಗೆ ಎಷ್ಟೋ ಕಿಲೋ ಫೆವಿಕಾಲ್ ಉಳಿಸಿದೆ.

ಕಿಲೋಗೆ ಮುನ್ನೂರರ ಆಸುಪಾಸು ಹಿಡಿದರೆ ಒಂದು ಪ್ಲೇಟಿಗೆ ಬೀಳುವುದು 40 ರೂಪಾಯಿ. ಡಬಲ್ ಇದ್ದ ಕೆಲವು ಎಲ್‌ಪಿಗಳನ್ನು ಬೆಂಗಳೂರಿಗೆ ಕೊಟ್ಟೆ. ಆಗುವುದಿಲ್ಲ ಎಂದಿದ್ದ ಗೆಳೆಯರೇ ಒಂದೊಂದಕ್ಕೆ ಐನೂರರಿಂದ ಸಾವಿರದ ಐನೂರರ ತನಕ ಕೊಟ್ಟು ತೆಗೆದುಕೊಂಡರು. ಹನ್ನೆರಡು ಸಾವಿರ, ಪಿಕಪ್ಪಿನ ಬಾಡಿಗೆ, ಗೋಂದು, ಸೂಜಿ ಎಲ್ಲ ಹುಟ್ಟಿ ಮೇಲೆ ಸ್ವಲ್ಪ ಉಳಿಯಿತು. ಅಣ್ಣ ಈಗ ಊಟವಾದ ಮೇಲೆ ಬಂದು ಕೂತು ಕೇಳುತ್ತಾನೆ.

ಮೊದಲ ಹದಿನೈದಿಪ್ಪತ್ತು ಪ್ಲೇಟು ಆದಾಗ ಪ್ಲೇಯರ್ ಸಮೇತ ಇಚ್ಚನ ಮನೆಗೆ ಹೋಗಿದ್ದೆ. ಕಣ್ಣು ಮಂಜಾಗಿದೆ, ಕಿವಿ ಚುರುಕೇ ಇದೆ. ಒಂದು ಬದಿ ಪೂರ್ತಿ ಕೇಳಿದರು. ಪ್ಲೇಟು ಕೈಗೆ ಕೊಡಿ ಎಂದರು. ಅಂಚು ಹಿಡಿದು, ಅಭ್ಯಾಸದಂತೆ ಬಾಗಿಲ ಕಡೆಗೆ ಓರೆ ಮಾಡಿದರು. "ಇದು ನನ್ನ ಅಂಗಡಿಯದ್ದಾ?" ಹೌದೆಂದೆ. "ಎಷ್ಟಕ್ಕೆ ಕೊಡ್ತೀರಿ?" ನಾನು ಬೇಡವೆಂದರೂ ಐವತ್ತು ರೂಪಾಯಿ ಜೇಬಿಗೆ ತುರುಕಿದರು. ಬೆಲೆ ಕೊಡದೆ ಪ್ಲೇಟು ಕೈ ಬದಲಿಸಬಾರದಂತೆ.

78ಗಳ ಕೆಲಸ ಬೇರೆ ದಾರಿಯದ್ದು. ಗೋಂದು ಹಾಕಲೇಬೇಡಿ, ಬೂಷ್ಟು ತಿಂದ ಕಡೆ ಮೇಲ್ಪದರವೇ ಎದ್ದು ಬರುತ್ತದೆ. ಒಡೆದ ಒಂದು ಪ್ಲೇಟಿನ ಮೇಲೆ ನೋಡಿ ಖಚಿತ ಮಾಡಿಕೊಂಡಿದ್ದೇನೆ. ಅಂಟುವಾಳದ ತೆಳು ನೀರು ಅದಕ್ಕೆ ಸೋಪಿಗಿಂತ ಒಳ್ಳೆಯದು. ಬೇಗ ತೊಳೆದು, ಬೇಗ ಒರೆಸಬೇಕು, ಇಲ್ಲದಿದ್ದರೆ ಜಿಗುಟು ಉಳಿಯುತ್ತದೆ. ಗಂಜಿ ತಿಳಿಯನ್ನೂ ನೋಡಿದೆ, ವಾರದಲ್ಲಿ ಹೊಸ ಬೂಷ್ಟು ಬಂತು. ಸೂಜಿ 3 ಮಿಲ್‌ನದ್ದೇ ಬೇಕು (ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ). ಎಲ್‌ಪಿ ಸೂಜಿ ಗೆರೆಯ ತಳದಲ್ಲಿ ಓಡಾಡಿ ಬರೀ ಗರಗರ ಕೊಡುತ್ತದೆ. ಮೂರು ಸಾವಿರ ಕೊಟ್ಟದ್ದು ಹೊಟ್ಟೆ ಉರಿಸಿತು, ಆದರೆ ಮೊದಲ ಪ್ಲೇಟಿನಲ್ಲೇ ಸಾರ್ಥಕ ಅನಿಸಿತು. ಎಡ, ಬಲ ಎರಡು ಚಾನೆಲ್ ಕೂಡಿಸಿ ಒಂದೇ ದನಿ (ಮೋನೋ) ಮಾಡಿ ಕೇಳಿ, ಅರ್ಧ ಗದ್ದಲ ಅಲ್ಲೇ ಹೋಗುತ್ತದೆ.

ಇಚ್ಚನ ಅಂಗಡಿಯ ಗ್ಯಾರಾರ್ಡ್ ಕಂಪೆನಿಯ ಚೇಂಜರ್ (ಪ್ಲೇಟುಗಳನ್ನು ತಾನೇ ಬದಲಿಸುವ ಪ್ಲೇಯರು) ಕೂಡ ಆ ರಾಶಿಯಲ್ಲಿ ಸಿಕ್ಕಿತು. ಮೋಟಾರು ತಿರುಗುತ್ತದೆ. ಮೋಟಾರಿನ ಓಟವನ್ನು ತಟ್ಟೆಗೆ ದಾಟಿಸುವ ಐಡ್ಲರ್ ಚಕ್ರದ ರಬ್ಬರು ಕಲ್ಲಾಗಿದೆ, ಮರಳುಕಾಗದ ಹಿಡಿದರೂ ಜಾರುತ್ತದೆ, 78ರಲ್ಲಿ ಓಟ ಕಮ್ಮಿ. ಮಂಗಳೂರಿನಲ್ಲಿ ರಬ್ಬರು ಹಾಕಿಸಿದ್ದು ಸರಿ ಬರಲಿಲ್ಲ. ಒಳ್ಳೆಯ ಚಕ್ರ ಯಾರಲ್ಲಾದರೂ ಇದ್ದರೆ ತಿಳಿಸಿ. ದುಡ್ಡು ಬೇಕಾದರೆ ದುಡ್ಡು, ಇಲ್ಲವಾದರೆ ಕಾಳಿಂಗರಾಯರ ಡಬಲ್ ಇರುವ ಎರಡು 78 ಕೊಡುತ್ತೇನೆ. ತಟ್ಟಿ ನೋಡಿದ್ದು, ಎರಡೂ ಠಣ್ ಎನ್ನುತ್ತವೆ.