ಯಕೃತ್ತನ್ನು ಚಿತ್ರ ಬಿಡಿಸುತ್ತಲೇ ಅರಿಯುವ ಬಗೆ

ಅಂಗೈಯನ್ನು ಬಲಬದಿಯ ಕೆಳಪಕ್ಕೆಲುಬುಗಳ ಮೇಲಿಡಿ. ಅದರ ಹಿಂದೆ, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆಯಾದ ವಪೆಗೆ ಒತ್ತಿಕೊಂಡು, ಸುಮಾರು 1.5 ಕಿಲೋಗ್ರಾಂ ತೂಕದ ಯಕೃತ್ತು ಇದೆ. ಹೊರರೂಪಕ್ಕೆ ಹೆಚ್ಚು ಹೊತ್ತು ಬೇಡ: ದೊಡ್ಡ ಬಲ ಹಾಲೆ, ಚಿಕ್ಕ ಎಡ ಹಾಲೆ, ಅಡಿಯಲ್ಲಿ ಪಿತ್ತಕೋಶ.

ಈಗ ಪೆನ್ಸಿಲ್ ಹಿಡಿಯಿರಿ. ತರಗತಿಯಲ್ಲಿ ನಾನು ಪ್ರತಿ ವರ್ಷವೂ ಒಂದು ಷಟ್ಕೋನದಿಂದಲೇ ಆರಂಭಿಸುತ್ತೇನೆ. ಅದು ಒಂದು ಕಿರುಹಾಲೆ, ಅಂದರೆ ಯಕೃತ್ತನ್ನು ಕಟ್ಟಿರುವ ಪುಟ್ಟ ಘಟಕಗಳಲ್ಲಿ ಒಂದು. ನಿಜದಲ್ಲಿ ಒಂದೆರಡು ಮಿಲಿಮೀಟರ್ ಅಗಲ. ನಡುವೆ ಒಂದು ಅಭಿಧಮನಿಯನ್ನು ಬರೆಯಿರಿ. ಪ್ರತಿ ಮೂಲೆಗೂ ಮೂರು ಚುಕ್ಕಿ: ಅಪಧಮನಿಗೆ ಕೆಂಪು, ಕರುಳಿನಿಂದ ಬರುವ ಪೋರ್ಟಲ್ ಅಭಿಧಮನಿಗೆ ನೀಲಿ, ಪಿತ್ತನಾಳಕ್ಕೆ ಹಸಿರು. ಅಂಚಿನಿಂದ ನಡುವಿನವರೆಗೆ ಜೀವಕೋಶಗಳ ಸಾಲುಗಳನ್ನು ಎಳೆಯಿರಿ. ಸಾಲುಗಳ ನಡುವಿನ ಓಣಿಗಳಲ್ಲಿ ರಕ್ತ ಹರಿಯುತ್ತದೆ.

ಬಾಣದ ಗುರುತು ಹಾಕುವಾಗ ಅವಸರ ಮಾಡಬೇಡಿ. ನನ್ನ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ರಕ್ತ ಒಳಮುಖವಾಗಿ, ಪಿತ್ತರಸ ಹೊರಮುಖವಾಗಿ. ಒಂದೇ ಸಾಲಿನ ಉದ್ದಕ್ಕೂ ಎರಡು ಎದುರುಬದುರು ಹರಿವುಗಳು! ಇದು ನನಗೆ ಇಂದಿಗೂ ಬೆರಗು.

ನೀಲಿ ಬಾಣವನ್ನು ದಪ್ಪಗೆ ಎಳೆಯಿರಿ, ಏಕೆಂದರೆ ಒಳಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಆ ದಾರಿಯದು. ಊಟದ ಸಕ್ಕರೆ ಮೊದಲು ತಲುಪುವುದು ಇಲ್ಲಿಗೆ. ಹೆಚ್ಚಾದದ್ದು ಗ್ಲೈಕೋಜನ್ ಆಗಿ ಉಳಿಯುತ್ತದೆ, ಹಸಿದಾಗ ಮರಳಿ ಗ್ಲೂಕೋಸ್ ಆಗುತ್ತದೆ. ವಿಷಕಾರಿ ಅಮೋನಿಯಾ ಯೂರಿಯಾ ಆಗುವುದೂ, ರಕ್ತ ಹೆಪ್ಪುಗಟ್ಟಿಸುವ ಹೆಚ್ಚಿನ ಪ್ರೋಟೀನುಗಳು ತಯಾರಾಗುವುದೂ ಇದೇ ಜೀವಕೋಶಗಳಲ್ಲಿ. ಓಣಿಯ ಗೋಡೆಗೆ ಕುಪ್ಫರ್ ಕೋಶಗಳನ್ನೂ ಅಂಟಿಸಿ. ಕರುಳಿನಿಂದ ನುಸುಳಿದ ಬ್ಯಾಕ್ಟೀರಿಯಾಗಳನ್ನು ನುಂಗುವ ಕಾವಲುಗಾರರು ಅವು.